ಮೂರು ತೊಟ್ಟು, ಒಂದು ಮಡಿಲು ಸೊಪ್ಪು

ಕಂಬ ಅಂತ ಆದಿಲಕ್ಷ್ಮಿ ಹಿಡಿದುಕೊಂಡದ್ದು ಎಮ್ಮೆಯ ಕೊಂಬನ್ನು.

ಎಮ್ಮೆ ಸುಮ್ಮನಿರುತ್ತದೆಯೇ? ಬುಸ್ ಅಂತ ತಲೆ ಕೊಡವಿತು. ಆದಿ ಹಿಂದಕ್ಕೆ ಬಿದ್ದಳು. ಹಿಂದೆ ಕಲಗಚ್ಚಿನ ಬಾನಿ ಇತ್ತು. ಬಾನಿಯೊಳಗೆ ಆದಿ, ಆದಿಯ ತಲೆಯ ಮೇಲೆ ಕಲಗಚ್ಚು.

"ಅಯ್ಯೋ ನಿನ್ನ! ಎಮ್ಮೆ ಕಾಣಾಕಿಲ್ವೇನೆ? ಬೆಟ್ಟದಂಗೆ ನಿಂತೈತೆ!" ಅವ್ವ ಓಬಳಮ್ಮ ಒಲೆಯ ಮುಂದಿನಿಂದ ಎದ್ದು ಓಡಿಬಂದಳು.

"ಕಂಡ್ತವ್ವಾ. ಕಾಲು ಜಾರ್ತು."

ಸುಳ್ಳು. ಕಂಡಿರಲಿಲ್ಲ. ಪಡುವಣದ ಕಡೆ ಆಕಾಶ ಇನ್ನೂ ಕೆಂಪಗಿತ್ತು. ಬೀದಿಯಲ್ಲಿ ಹುಡುಗರು ಗೋಲಿ ಆಡುತ್ತಿದ್ದರು. ಆದಿಗೆ ಮಾತ್ರ ಹೊತ್ತು ಮುಳುಗಿದ ಕೂಡಲೇ ಯಾರೋ ತಲೆಯ ಮೇಲೆ ಕಂಬಳಿ ಎಳೆದ ಹಾಗೆ ಆಗುತ್ತಿತ್ತು. ಒಂದೂವರೆ ತಿಂಗಳಿಂದ ಹೀಗೇ. ಅವಳು ಯಾರಿಗೂ ಹೇಳಿರಲಿಲ್ಲ. ಬೀದಿ ಬಾಗಿಲಿಂದ ಕಂಬಕ್ಕೆ ಹನ್ನೊಂದು ಹೆಜ್ಜೆ, ಕಂಬದಿಂದ ಅಡುಗೆಮನೆಯ ಹೊಸಿಲಿಗೆ ಆರು. ಎಣಿಸಿಕೊಂಡು ನಡೆದು ನಿಭಾಯಿಸುತ್ತಿದ್ದಳು. ಇವತ್ತು ಅಪ್ಪ ಎಮ್ಮೆಯನ್ನು ಆ ಕಂಬದ ಮುಂದಕ್ಕೇ ತಂದು ಕಟ್ಟಿದ್ದ. ಲೆಕ್ಕ ತಪ್ಪಿತು.

ಅವ್ವನಿಗೆ ಏನೋ ಅನುಮಾನ. ಕೈಗೆ ಸಿಕ್ಕಿದ್ದನ್ನು ಮೇಲೆತ್ತಿ ಕೇಳಿದಳು. "ಇದೇನು ಹೇಳು?"

ಅವ್ವ ಅಡುಗೆ ಮಾಡುತ್ತಿದ್ದವಳು. ಹಾಗಾದರೆ ಕೈಯಲ್ಲಿ ಇರುವುದು...

"ಸೌಟು," ಅಂದಳು ಆದಿ.

ಅವ್ವನ ಕೈಯಿಂದ ಪೊರಕೆ ಕೆಳಗೆ ಬಿತ್ತು.

ಸ್ವಲ್ಪ ಹೊತ್ತಿಗೆ ಅಪ್ಪ ಕದರಪ್ಪ ಬಂದ. ಲಾಂದ್ರ ಹಚ್ಚಿ ಮಗಳ ಕಣ್ಣ ಮುಂದೆ ಹಿಡಿದು ಆ ಕಡೆ ಈ ಕಡೆ ಆಡಿಸಿದ. "ರೇಚೀಕಟಿ," ಅಂದ ತೆಲುಗಿನಲ್ಲಿ. "ಇರುಳುಗಣ್ಣು ಕಣೆ ಇದು."

"ನಾಳೆಯಿಂದ ಸ್ಕೂಲು ಬ್ಯಾಡ," ಅಂದಳು ಅವ್ವ.

"ಅವ್ವಾ!"

"ಏನವ್ವಾ? ಕೆರೆ ಏರಿ ಮೇಲೆ ಬರ್ಬೇಕು ನೀನು. ಒಂದಡಿ ಆ ಕಡೆ ಇಟ್ರೆ ನೀರು, ಈ ಕಡೆ ಇಟ್ರೆ ಗುಂಡಿ."

ಸ್ಕೂಲು ಇದ್ದದ್ದು ರೊಳ್ಳದಲ್ಲಿ. ಎರಡು ಮೈಲಿ. ಐದನೇ ಕ್ಲಾಸಿನವರನ್ನು ಬೆಲ್ಲಾದ ಮೇಲೂ ಕೂರಿಸಿಕೊಂಡು ಮೇಷ್ಟ್ರು ಲೆಕ್ಕ ಮಾಡಿಸುತ್ತಿದ್ದರು. ಆ ಕ್ಲಾಸಿನಲ್ಲಿ ಇದ್ದ ಹೆಣ್ಣುಮಕ್ಕಳು ಇಬ್ಬರೇ. ಆದಿ ಬಿಟ್ಟರೆ ಒಬ್ಬಳೇ.

ಆದಿ ಅಳಲು ಶುರುಮಾಡಿದಳು. ಅಪ್ಪನಿಗೆ ಮಗಳ ಅಳು ತಡೆಯುವುದಿಲ್ಲ. "ಇರು, ಇರು. ಮಡಕಶಿರಾ ಸಂತೆಗೆ ಒಬ್ಬ ಕಣ್ಣಿನೋನು ಬತ್ತಾನಂತೆ. ಮೂರೇ ದಿನಕ್ಕೆ ವಾಸಿ ಮಾಡ್ತಾನಂತೆ."

"ಮಾನೋಮಿವರ್ಗೂ ನೋಡಾನ," ಅಂದಳು ಅವ್ವ ಕೊನೆಗೆ. "ಅಷ್ಟ್ರಾಗೆ ಕಣ್ಣು ಬರ್ದಿದ್ರೆ ಸ್ಲೇಟು ಅಟ್ಟದ ಮ್ಯಾಲೆ."

ಮಹಾನವಮಿಗೆ ಇನ್ನು ಉಳಿದಿದ್ದದ್ದು ಆರು ವಾರ.

*

ಸಂತೆಯಲ್ಲಿ ಆ ಮನುಷ್ಯನನ್ನು ಹುಡುಕಬೇಕಾಗಲೇ ಇಲ್ಲ. ಅವನ ಮೋಟರಿನ ಮೇಲೆ ಗ್ರಾಮಾಫೋನು ಹಾಡುತ್ತಿತ್ತು. ಅವನು ಕೋಟು ಹಾಕಿಕೊಂಡಿದ್ದ. ಆ ಬಿಸಿಲಿನಲ್ಲಿ!

"ಚೂಡಂಡಿ ಬಾಬೂ! ನೋಡ್ರಪ್ಪಾ ನೋಡ್ರಿ! ಪಥ್ಯ ಇಲ್ಲ, ಕಷಾಯ ಇಲ್ಲ, ಕಾಯೋದು ಬೇಕಾಗಿಲ್ಲ! ಮೂರು ತೊಟ್ಟು, ಮೂರು ದಿನ!"

ಅವನು ಒಂದು ಗಾಜಿನ ಲೋಟ ಎತ್ತಿ ಹಿಡಿದ. ಅದರಲ್ಲಿ ಕಪ್ಪು ನೀರು. ಕಾಡಿಗೆ ಕದಡಿದ ಹಾಗೆ.

"ಇದು ಕುರುಡನ ಕಣ್ಣು. ಏನಾದ್ರೂ ಕಾಣುತ್ತಾ?"

"ಇಲ್ಲ!" ಅಂತ ಸಂತೆ ಕೂಗಿತು.

ಅವನು ಒಂದು ಪುಟ್ಟ ಬಾಟ್ಲಿ ತೆಗೆದು ತೊಟ್ಟು ಬಿಟ್ಟ. ಒಂದು. ಎರಡು. ಮೂರು. ಲೋಟವನ್ನು ಮೆಲ್ಲಗೆ ತಿರುಗಿಸಿದ.

ಕಪ್ಪು ಕರಗಿತು. ನಡುವಿನಿಂದ ಅಂಚಿನವರೆಗೆ, ಹೊಗೆ ಸರಿದ ಹಾಗೆ ಸರಿಯಿತು. ಒಂದು ಉಸಿರಿನೊಳಗೆ ನೀರು ತಿಳಿಯಾಯಿತು. ಲೋಟದ ಆಚೆ ಅವನ ಕೋಟಿನ ಗುಂಡಿಗಳು ಒಂದೊಂದಾಗಿ ಕಂಡವು. ಅವುಗಳ ಪಕ್ಕದಲ್ಲಿ ಮಡಕಶಿರಾ ಬೆಟ್ಟವೇ ಪುಟ್ಟದಾಗಿ ಲೋಟದೊಳಗೆ ನಿಂತಿತ್ತು.

ಸಂತೆಗೆ ಸಂತೆಯೇ ಬಾಯಿ ಬಿಟ್ಟುಕೊಂಡು ನಿಂತಿತು. ಆಮೇಲೆ ಒಮ್ಮೆಗೇ ಎಲ್ಲರ ಕೈಗಳೂ ಮುಂದೆ ಬಂದವು.

ಹೊಟ್ಟೆನೋವಿಗೆ ಕೆಂಪು ಬಾಟ್ಲಿ. ತಲೆಕೂದಲಿಗೆ ಹಸಿರು ಬಾಟ್ಲಿ. ಶಕ್ತಿಗೆ ಹಳದಿ ಬಾಟ್ಲಿ. ಬೆಳಿಗ್ಗೆ ಗಂಜಿ ಕೂಡ ಕುಡಿಯದೆ ಮೂಟೆ ಹೊರಲು ಬಂದವರು ಶಕ್ತಿಯ ಬಾಟ್ಲಿಗೆ ಕೈ ಚಾಚುತ್ತಿದ್ದರು. ಕೋಟಿನವನು ನಗುನಗುತ್ತಾ ಕೊಡುತ್ತಿದ್ದ. ಅವನಿಗೆ ಯಾರ ಮುಖವನ್ನೂ ನೋಡಲು ಪುರುಸೊತ್ತಿರಲಿಲ್ಲ.

ಅಪ್ಪ ನುಗ್ಗಿ ಹೋಗಿ, ಬೆವರು ಸುರಿಸುತ್ತಾ, ಬಾಟ್ಲಿ ತಂದ. ಮೇಲೆ ಚೀಟಿ ಅಂಟಿಸಿತ್ತು. ಆದಿ ಓದಿದಳು: "ನೇತ್ರಜ್ಯೋತಿ."

ಮನೆಗೆ ಬರುವ ದಾರಿಯುದ್ದಕ್ಕೂ ಬಂಡಿಯಲ್ಲಿ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು, ಹಕ್ಕಿಮರಿ ಹಿಡಿದ ಹಾಗೆ.

*

ಮೊದಲನೇ ತೊಟ್ಟು ಬಿದ್ದಾಗ ಆದಿ ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಮೆಣಸಿನಕಾಯಿ ಅರೆದು ಇಟ್ಟ ಹಾಗೆ ಉರಿ.

"ಉರಿಬೇಕು ಕಣವ್ವಾ. ಉರಿದ್ರೇ ಔಷ್ದಿ," ಅಂತ ಅಪ್ಪ ತಲೆ ಹಿಡಿದುಕೊಂಡ.

"ನೀರು ಬತ್ತಾ ಐತೆ ನೋಡು. ಕಣ್ಣಾಗಿನ ಕತ್ಲೆಯೆಲ್ಲ ಹೋಗ್ತಾ ಐತೆ," ಅಂತ ಅವ್ವ ಸೆರಗಿನಿಂದ ಒರೆಸಿದಳು.

ಮೂರು ದಿನ. ದಿನಕ್ಕೆ ಮೂರು ತೊಟ್ಟು. ಮೂರನೇ ಸಂಜೆ ಆದಿ ಅಂಗಳದಲ್ಲಿ ನಿಂತು ಕಾದಳು. ಹೊತ್ತು ಮುಳುಗಿತು. ಈಗ ಕಪ್ಪು ಕರಗುತ್ತದೆ, ನಡುವಿನಿಂದ ಅಂಚಿಗೆ ಸರಿಯುತ್ತದೆ ಅಂತ ಉಸಿರು ಬಿಗಿಹಿಡಿದಳು.

ಕಂಬಳಿ ಬಂದು ಮುಚ್ಚಿಕೊಂಡಿತು.

"ದೊಡ್ಡ ಬಾಟ್ಲಿ ತರ್ಬೇಕಿತ್ತು," ಅಂದ ಅಪ್ಪ. "ಮುಂದಿನ ಸಂತೆಗೆ ತತ್ತೀನಿ."

ಮಾರನೇ ದಿನ ಮಧ್ಯಾಹ್ನ, ಬೆಳಕು ಚೆನ್ನಾಗಿದ್ದಾಗ, ಆದಿ ಒಂದು ಲೋಟ ನೀರಿಗೆ ತನ್ನ ಶಾಯಿ ಬಿಲ್ಲೆ ಹಾಕಿ ಕದಡಿದಳು. ನೀರು ಕಪ್ಪಾಯಿತು. ಬಾಟ್ಲಿಯಿಂದ ಮೂರು ತೊಟ್ಟು ಬಿಟ್ಟಳು. ಕೋಟಿನವನು ಮಾಡಿದ ಹಾಗೇ ಮೆಲ್ಲಗೆ ತಿರುಗಿಸಿದಳು.

ಶಾಯಿ ಶಾಯಿಯಾಗೇ ಇತ್ತು.

ಇನ್ನೂ ಮೂರು ತೊಟ್ಟು. ಇನ್ನೂ ಹತ್ತು. ಆಮೇಲೆ ಬಾಟ್ಲಿಯನ್ನೇ ಬೋರಲು ಹಾಕಿದಳು. ಕಪ್ಪು ನೀರು ಅವಳನ್ನೇ ನೋಡುತ್ತಾ ಕೂತಿತ್ತು.

ಹಾಗಾದರೆ ಸಂತೆಯ ಲೋಟಕ್ಕೆ ಅವನು ಹಾಕಿದ್ದು ಈ ಬಾಟ್ಲಿಯದ್ದಲ್ಲ. ಬಂಡಿಯಲ್ಲಿ ತಾನು ಹಕ್ಕಿಮರಿಯ ಹಾಗೆ ಹಿಡಿದುಕೊಂಡು ಬಂದದ್ದು ನೆನಪಾಯಿತು. ಆದಿಗೆ ಎಷ್ಟು ಸಿಟ್ಟು ಬಂತೆಂದರೆ, ಅಳುವುದೇ ಮರೆತುಹೋಯಿತು.

*

"ನಿಂಗೆ ಸಂಜೆ ಕಣ್ಣು ಕಾಣಾಕಿಲ್ಲ ಅಂತ ನಂಗೆ ಯಾವಾಗ್ಲೋ ಗೊತ್ತು," ಅಂದಳು ರಂಗಿ.

ರಂಗಿಯ ಪೂರ್ತಿ ಹೆಸರು ರಂಗಕ್ಕ. ಆದಿಯಷ್ಟೇ ವಯಸ್ಸು. ಆದಿಯ ಹೊಲಕ್ಕೆ ಕೂಲಿಗೆ ಬರುವ ಮೈಲಾರಮ್ಮನ ಮೊಮ್ಮಗಳು. ಅವಳಿಗೆ ಸ್ಕೂಲಿಲ್ಲ. ಆರು ಮೇಕೆ ಇವೆ. ಸಂಜೆ ಹೊತ್ತು ಮೇಕೆ ಹೊಡೆದುಕೊಂಡು ಅವಳು ಕೆರೆ ಏರಿಯ ತುದಿಗೆ ಬರುವುದೂ, ಆದಿ ಸ್ಕೂಲಿನಿಂದ ಅಲ್ಲಿಗೆ ತಲುಪುವುದೂ ಒಂದೇ ಹೊತ್ತು.

"ಯಂಗೆ ಗೊತ್ತು?"

"ಮೊನ್ನೆ ನಮ್ಮ ಹೋತಕ್ಕೆ 'ನಮಸ್ಕಾರ ಸಾರ್' ಅಂದ್ಯಲ್ಲ!"

ಆದಿಗೆ ನಾಚಿಕೆಯಾಯಿತು. ಅದಕ್ಕೆ ಗಡ್ಡ ಇತ್ತು, ಮೇಷ್ಟ್ರಿಗೂ ಗಡ್ಡ ಇತ್ತು, ಅವಳು ತಾನೇ ಏನು ಮಾಡಿಯಾಳು? ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ದಿನದ ಮೇಲೆ ಆದಿ ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ಎಲ್ಲವನ್ನೂ ಹೇಳಿದಳು. ಬಾಟ್ಲಿ, ಶಾಯಿ, ಅಟ್ಟದ ಮೇಲೆ ಹೋಗಲಿರುವ ಸ್ಲೇಟು.

"ನಮ್ಮಜ್ಜಿಗೂ ಹಿಂಗೇ ಆಗಿತ್ತಂತೆ, ಅವಳು ಹುಡುಗಿಯಾಗಿದ್ದಾಗ," ಅಂದಳು ರಂಗಿ. "ಮಳೆ ಬಂದು ಸೊಪ್ಪು ಹುಟ್ಟಿದ ಮ್ಯಾಲೆ ಹೋಯ್ತಂತೆ. ಕೇಳು ಬೇಕಾರೆ."

"ಸೊಪ್ಪಾ? ಆ ಕಸಾನಾ?"

ರಂಗಿ ತಿರುಗಿ ನೋಡಿದಳೋ ಏನೋ, ಆದಿಗೆ ಕಾಣಲಿಲ್ಲ. ಮೇಕೆ ಕಾಯುವ ಕೋಲಿನ ಒಂದು ತುದಿ ಮಾತ್ರ ಅವಳ ಅಂಗೈಗೆ ಬಂದು ತಾಗಿತು.

"ಹಿಡ್ಕೊ. ಏರಿ ದಾಟಿಸ್ತೀನಿ."

ಕೋಲಿನ ಒಂದು ತುದಿ ಆದಿ, ಇನ್ನೊಂದು ತುದಿ ರಂಗಿ. ಕೈ ಕೈ ಹಿಡಿಯಲಿಲ್ಲ. ಹಿಡಿಯಬಾರದು ಅಂತ ಆ ಹೊತ್ತು ಯಾರೂ ಹೇಳಿರಲಿಲ್ಲ. ಆದರೂ ಹಿಡಿಯಲಿಲ್ಲ.

*

ಭಾನುವಾರ ಕಡ್ಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಸಾಲಿನ ಮುಂದೆ ಮೈಲಾರಮ್ಮ. ಅವಳು ಕಿತ್ತ ಕಳೆಯೆಲ್ಲ ಬದುವಿನ ಮೇಲೆ ಬೀಳುತ್ತಿರಲಿಲ್ಲ. ಕೆಲವು ಗಿಡ ಬದುವಿಗೆ, ಕೆಲವು ಸೊಂಟಕ್ಕೆ ಕಟ್ಟಿಕೊಂಡ ಸೆರಗಿನ ಮಡಿಲಿಗೆ. ನೋಡದೆಯೇ ಕೈ ಆರಿಸುತ್ತಿತ್ತು.

ಎರಡು ವರ್ಷದ ಹಿಂದೆ ಈ ಹೊಲದಲ್ಲಿ ರಾಗಿ ಇತ್ತು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಯ ಸಾಲು ಇದ್ದವು. ಕಡ್ಲೆಕಾಯಿ ಬಂತು. ಮನೆಗೆ ಮಿಲ್ಲಿನ ಬಿಳಿ ಅಕ್ಕಿ ಬಂತು. ಎಮ್ಮೆಯ ಹಾಲು ರೊಳ್ಳದ ಹೋಟ್ಲಿಗೆ ಹೋಯಿತು. ಮಲ್ಲಿಗೆಯಂಥ ಅನ್ನ, ಹುಣಿಸೆಹಣ್ಣಿನ ಸಾರು. ನೆಂಟರು ಬಂದರೆ ತಲೆ ಎತ್ತಿಕೊಂಡು ಬಡಿಸುವ ಊಟ ಅಂತ ಅವ್ವ ಹೇಳುತ್ತಿದ್ದಳು. ಆ ಸಾರಿನಲ್ಲಿ ಒಂದು ಎಲೆಯೂ ಇರುತ್ತಿರಲಿಲ್ಲ.

"ಮೈಲಾರಮ್ಮಾ, ಸೊಪ್ಪು ತಿಂದ್ರೆ ಕಣ್ಣು ಕಾಣುತ್ತಾ?" ಆದಿ ಕೇಳಿಯೇಬಿಟ್ಟಳು.

ಅವ್ವ ತಲೆ ಎತ್ತಿದಳು. "ಏನೇ ಅದು ಮಾತು? ಕೂಲಿಯೋರ ಮಡ್ಲಾಗೆ ಹೋಗೋ ಕಸ ನಮ್ಮ ಒಲೆ ಮ್ಯಾಲೆ ಬೇಯ್ಬೇಕಾ?"

ಮೈಲಾರಮ್ಮ ಯಾವಾಗಲೂ ಅವ್ವನನ್ನು "ಅಮ್ಮಾರೆ" ಅನ್ನುತ್ತಿದ್ದಳು. ಆವತ್ತು ಹಾಗನ್ನಲಿಲ್ಲ. ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು.

"ಓಬಳವ್ವಾ, ನಿಮ್ಮತ್ತೆ ಇದೇ ಸಾಲ್ನಾಗೆ ನನ್ನ ಪಕ್ಕ ಕೂತು ಸೊಪ್ಪು ಕಿತ್ತೋಳು. ನೀನು ಹೊಸಾ ಸೊಸೆ. ಬಸ್ಸಾರಿಗೆ ಸಾಲದು ಅಂತ ನನ್ನ ಮಡ್ಲಿಂದಲೇ ಒಂದು ಹಿಡಿ ಈಸ್ಕೊಂಡು ಹೋದೋಳು. ಆಗ ಅದು ಕಸ ಆಗಿರ್ಲಿಲ್ಲ. ಕಡ್ಲೆಕಾಯಿ ಬಂದ ಮ್ಯಾಲೆ ಕಸ ಆಯ್ತು. ಕೋಟು ಹಾಕ್ಕೊಂಡೋನು ಏನು ಕೊಟ್ರೂ ಕಣ್ಣಿಗೆ ಸುರ್ಕೊಂತೀರ. ನಾನು ಕೊಟ್ರೆ ಮಾತ್ರ ಬಾಯಿಗೂ ಬ್ಯಾಡ!"

ಅವ್ವ ಈಗ ಬೈಯುತ್ತಾಳೆ ಅಂತ ಆದಿ ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ.

ಕಣ್ಣು ಬಿಟ್ಟಾಗ ಅವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ಮುಖ ಕೆಂಪಾಗಿತ್ತು. ಕಡ್ಲೆಕಾಯಿ ಗಿಡದ ಬುಡದಲ್ಲಿದ್ದ ಒಂದು ಪುಟ್ಟ ಗಿಡದ ಮೇಲೆ ಬೆರಳಿಟ್ಟು, ಅರ್ಧ ತನಗೆ ತಾನೇ ಅನ್ನುವ ಹಾಗೆ, "ಅಣ್ಣೆ ಸೊಪ್ಪು," ಅಂದಳು.

ಪಕ್ಕದ ಗಿಡ. "ಇದು ಗೋಣಿ ಸೊಪ್ಪು."

ಮುಂದಿನದು. "ಕಿರಕ್ಸಾಲೆ. ಇದು ದೊಗ್ಲಿ. ಇದು... ಇದು ಹೊನ್ನಗೊನ್ನೆ. ಕಣ್ಣಿಗೆ ಒಳ್ಳೇದು ಅಂತ ನಮ್ಮವ್ವ ಎಳೇದು ನೋಡಿ ಚಿವುಟ್ತಿದ್ಲು."

ಆದಿ ಬೆರಗಾಗಿ ನೋಡಿದಳು. ಅವ್ವನಿಗೆ ಓದು ಬರುವುದಿಲ್ಲ. ಪರೀಕ್ಷೆಗೆ ಆದಿ ಪದ್ಯ ಬಾಯಿಪಾಠ ಮಾಡುವಾಗ ಅವ್ವ ದೂರ ಕೂತು ಕೇಳುತ್ತಿದ್ದಳು, ಅಷ್ಟೆ. ಆ ಅವ್ವ ಈಗ ನೆಲವನ್ನು ಓದುತ್ತಿದ್ದಳು. ಒಂದು ಅಕ್ಷರವೂ ತಪ್ಪದೆ, ಎಲ್ಲೂ ತಡೆಯದೆ. ಇಷ್ಟು ದಿನ ಇವೆಲ್ಲ ಅವ್ವನೊಳಗೆ ಎಲ್ಲಿದ್ದವು? ಬರೀ ಹಸಿರು ಅಂತ ಆದಿ ತುಳಿದುಕೊಂಡು ಓಡಾಡುತ್ತಿದ್ದ ಹೊಲದಲ್ಲಿ ಒಂದೊಂದು ಎಲೆಯೂ ಹೆಸರು ಹೇಳಿಕೊಂಡು ಎದ್ದು ನಿಂತ ಹಾಗಾಯಿತು.

ಅವ್ವ ಸೆರಗು ಬಿಚ್ಚಿ ಸೊಂಟಕ್ಕೆ ಕಟ್ಟಿ ಮಡಿಲು ಮಾಡಿಕೊಂಡಳು.

"ಬಲಿತಿದ್ದು ಕೀಳ್ಬ್ಯಾಡ," ಅಂದಳು ಮೈಲಾರಮ್ಮ, ಮತ್ತೆ ಸಾಲಿಗೆ ಬಗ್ಗುತ್ತಾ.

"ಗೊತ್ತು ಬಿಡು," ಅಂದಳು ಅವ್ವ.

*

ಆ ಮಧ್ಯಾಹ್ನ ಬಸ್ಸಾರು, ಎಷ್ಟೋ ಕಾಲದ ಮೇಲೆ ಮುದ್ದೆ, ಬೇಯಿಸಿ ಬಸಿದ ಸೊಪ್ಪಿನ ಪಲ್ಯ. ಆದಿ ಒಂದು ಸಲ ಬಡಿಸಿಕೊಂಡಳು. ಎರಡು ಸಲ. ನಾಲ್ಕು ಸಲ. ಗಡಿಗೆಯ ತಳಕ್ಕೆ ಸೌಟು ತಾಗುವವರೆಗೂ ತಿಂದಳು. ಮೂರು ತೊಟ್ಟಿಗೇ ಮೂರು ದಿನ ಅನ್ನುವುದಾದರೆ, ಒಂದು ಗಡಿಗೆ ಸೊಪ್ಪಿಗೆ ಒಂದೇ ಸಂಜೆ ಸಾಕಲ್ಲ!

ಸಂಜೆ ಕಣ್ಣು ಬರಲಿಲ್ಲ. ಹೊಟ್ಟೆನೋವು ಬಂತು. ಬೆಳಗಿನವರೆಗೆ ಹಿತ್ತಲಿಗೂ ಮನೆಗೂ ಎಷ್ಟು ಹೆಜ್ಜೆ ಅನ್ನುವುದು ಆದಿಗೆ ಚೆನ್ನಾಗಿ ಬಾಯಿಪಾಠವಾಯಿತು.

ಮಾರನೇ ದಿನ ಅವಳ ಮುಖ ನೋಡಿ ಮೈಲಾರಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ ನನ್ನವ್ವಾ! ನೀನೂ ಅದನ್ನ ಬಾಟ್ಲಿ ಅಂದ್ಕೊಂಡ್ಯಾ? ಮೇಕೆ ಮೇದಂಗೆ ಮೇದ್ರೆ ಆಗಾಕಿಲ್ಲ. ದಿನಾ ಒಂದು ಹಿಡಿ."

"ಎಷ್ಟು ದಿನ?"

"ನಂಗೇನು ಗೊತ್ತು? ನಾನೇನು ಕೋಟು ಹಾಕ್ಕೊಂಡಿದೀನಾ, ಮೂರು ದಿನ ಅನ್ನಾಕೆ?"

*

ದಿನಾ ಒಂದು ಹಿಡಿ. ಒಂದು ದಿನ ಹೊನ್ನಗೊನ್ನೆ, ಒಂದು ದಿನ ಅಣ್ಣೆ, ಒಂದು ದಿನ ಹಿತ್ತಲಿನ ನುಗ್ಗೆ. ಹೋಟ್ಲಿಗೆ ಹೋಗುವ ಹಾಲಿನಲ್ಲಿ ಒಂದು ಚೊಂಬು ಮನೆಯಲ್ಲೇ ಉಳಿಯತೊಡಗಿತು. ಅಪ್ಪ "ದೊಡ್ಡ ಬಾಟ್ಲಿ" ಅಂತ ಇನ್ನೊಂದು ಸಲ ಅಂದ. ಆದಿ ಶಾಯಿಯ ಲೋಟ ತಂದು ಅವನ ಮುಂದೆ ಇಟ್ಟಳು. ಅಪ್ಪ ಅದನ್ನು ನೋಡಿ, ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಒಂದು ವಾರ ಏನೂ ಆಗಲಿಲ್ಲ. ಎರಡು ವಾರ. ದಿನಾ ಸಂಜೆ ಏರಿಯ ತುದಿಯಲ್ಲಿ ರಂಗಿ ಕೋಲು ಚಾಚುತ್ತಿದ್ದಳು. "ಮುಂದೆ ಕಲ್ಲು," "ಇಲ್ಲಿ ತಗ್ಗು," "ಈಗ ನೆಟ್ಟಗೆ ಬಾ." ಆದಿಯ ಕಾಲ ಕೆಳಗಿನ ದಾರಿ ನುಣ್ಣಗೆ, ತಣ್ಣಗೆ ಇರುತ್ತಿತ್ತು. ಏರಿಯ ಮೇಲಿನ ದಾರಿ ಇಷ್ಟು ಒಳ್ಳೆಯದು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನಡೆಯುತ್ತಾ ಅವಳು ಪದ್ಯ ಹೇಳುತ್ತಿದ್ದಳು. ರಂಗಿ ಕೇಳಿದ ಕೂಡಲೇ ಅದನ್ನೇ ತಿರುಗಿ ಹೇಳುತ್ತಿದ್ದಳು. ರಂಗಿಗೆ ಒಂದೇ ಸಲಕ್ಕೆ ಬಾಯಿಗೆ ಬರುತ್ತಿತ್ತು. ಅದನ್ನು ನೋಡಿ ಆದಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಮಾನೋಮಿಗೆ ಆರು ದಿನ ಉಳಿಯಿತು. ಐದು ದಿನ. ಅವ್ವ ಅಟ್ಟದ ಧೂಳು ಹೊಡೆದಳು. ಹಬ್ಬಕ್ಕೆ ಅಂದಳು. ಆದಿ ಅಟ್ಟದ ಕಡೆ ನೋಡಲಿಲ್ಲ.

ನಾಲ್ಕು ದಿನ ಉಳಿದ ಸಂಜೆ, ಏರಿಯ ಮೇಲೆ ಅರ್ಧ ದಾರಿಯಲ್ಲಿ, ಆದಿ ಪದ್ಯ ನಿಲ್ಲಿಸಿದಳು.

"ಯಾಕೆ? ಮರೆತ್ಯಾ?" ಅಂದಳು ರಂಗಿ.

ಕಂಬಳಿಯ ಅಂಚಿನಲ್ಲಿ ಏನೋ ಬೆಳ್ಳಗೆ ಅಲುಗಾಡುತ್ತಿತ್ತು. ಒಂದು. ಮೂರು. ಆಮೇಲೆ ಎಣಿಸಲಾಗಲಿಲ್ಲ. ಕೊಕ್ಕರೆಗಳು! ಕೆರೆಯಾಚೆಯ ಹುಣಿಸೆಮರಕ್ಕೆ ಮಲಗಲು ಬಂದು ಇಳಿಯುತ್ತಿದ್ದವು. ಮರವೂ ಇತ್ತು, ಕಪ್ಪಗೆ, ದೊಡ್ಡದಾಗಿ. ಮರದ ಕೆಳಗೆ ನೀರು ಇತ್ತು. ನೀರಿನ ಮೇಲೆ ಆಕಾಶದ ಕೊನೆಯ ಕೆಂಪು ಒಂದು ಗೆರೆಯಾಗಿ ಉಳಿದಿತ್ತು. ತಲೆ ಎತ್ತಿದರೆ, ಅಲ್ಲಿ, ಒಂದೇ ಒಂದು ಚುಕ್ಕಿ.

ಇದು ಲೋಟದೊಳಗೆ ಕಪ್ಪು ಕರಗಿದ ಹಾಗಿರಲಿಲ್ಲ. ಯಾರೂ ಕೂಗಿ ಕರೆಯಲಿಲ್ಲ. ಗ್ರಾಮಾಫೋನು ಹಾಡಲಿಲ್ಲ. ಎಷ್ಟು ಹೊತ್ತಿನಿಂದ ಕಾಣುತ್ತಿತ್ತೋ ಅದೂ ಅವಳಿಗೆ ಗೊತ್ತಾಗಿರಲಿಲ್ಲ. ಬಿತ್ತಿದ ಹೊಲದಲ್ಲಿ ಮೊಳಕೆ ಯಾವ ಹೊತ್ತಿಗೆ ಮೇಲೆ ಬಂತು ಅಂತ ಯಾರು ನೋಡಿದ್ದಾರೆ? ಕತ್ತಲೆಯಲ್ಲೂ ಇಷ್ಟೊಂದು ಇತ್ತೇ! ಅವಳು ಕಣ್ಣು ಮಿಟುಕಿಸಲೂ ಹೆದರಿ, ನಿಂತಲ್ಲೇ ನಿಂತಳು.

ಆಮೇಲೆ ರಂಗಿಗೆ ಹೇಳೋಣ ಅಂತ ಪಕ್ಕಕ್ಕೆ ತಿರುಗಿದಳು.

ಏರಿಯ ಮೇಲಿನ ಕಾಲುದಾರಿ ಒಬ್ಬರು ನಡೆಯುವಷ್ಟೇ ಅಗಲ. ನುಣ್ಣಗೆ ಸವೆದ ಆ ದಾರಿಯ ತುಂಬ ಆದಿಯೇ ನಿಂತಿದ್ದಳು. ರಂಗಿ ಇದ್ದದ್ದು ದಾರಿಯ ಆಚೆ, ನೀರಿನ ಕಡೆಯ ಅಂಚಿನಲ್ಲಿ. ಅಲ್ಲಿ ಚೂಪುಕಲ್ಲು. ಕಲ್ಲಿನ ಸಂದಿಯಲ್ಲೆಲ್ಲ ನೆಲಕ್ಕೆ ಹರಡಿಕೊಂಡ ನೆಗ್ಗಿಲು ಮುಳ್ಳು. ರಂಗಿ ಬರಿಗಾಲಲ್ಲಿ ಒಂದು ಪಾದ ಎತ್ತಿ, ಮುಳ್ಳು ಕಿತ್ತೆಸೆದು, ಏನೂ ಆಗದವಳ ಹಾಗೆ ಪಾದವನ್ನು ಮತ್ತೆ ಅದೇ ಮುಳ್ಳಿನ ನಡುವೆ ಊರಿದಳು. ಆದಿಗೆ ಕಾಣುವುದಿಲ್ಲ ಅಂತ ಅವಳಿಗೆ ಗೊತ್ತಿತ್ತಲ್ಲ.

ದಿನಾ. ಇಷ್ಟೂ ದಿನ.

ಆದಿ ಕೋಲಿನ ತುದಿ ಬಿಟ್ಟಳು. ಕೋಲು ಟಪ್ಪೆಂದು ಕಲ್ಲಿಗೆ ಬಡಿಯಿತು.

"ಏಯ್, ಹಿಡ್ಕೊಳ್ಳೆ! ಬೀಳ್ತೀಯ!"

ಆದಿ ದಾರಿಯಿಂದ ಇಳಿದು ಆ ಕಡೆಗೆ ಹೋದಳು. ಒಂದು ಮುಳ್ಳು ಚುಚ್ಚಿತು, ಇನ್ನೊಂದು ಚುಚ್ಚಿತು. ರಂಗಿಯ ಕೈ ಹಿಡಿದು ಅವಳನ್ನು ನುಣ್ಣನೆಯ ದಾರಿಯ ಮೇಲಕ್ಕೆ ಎಳೆದಳು. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು, ಸೊಪ್ಪಿನ ವಾಸನೆ ಬರುತ್ತಿತ್ತು.

"ನೀನು ಇಲ್ಲಿ ನಡಿ. ನಾನು ಅಂಚಿನಾಗೆ ಬತ್ತೀನಿ."

"ತಲೆ ಕೆಟ್ಟೈತಾ? ಅಲ್ಲಿ ಬರೀ ಮುಳ್ಳು ಕಣೆ. ನಿಂಗೆ ಕಾಣಾಕಿಲ್ಲ."

ಮೇಕೆಗಳು ಮುಂದೆ ಮುಂದೆ ಹೋಗುತ್ತಿದ್ದವು. ಆರೂ. ಗಡ್ಡದ ಹೋತ ಎಲ್ಲಕ್ಕಿಂತ ಹಿಂದೆ.

"ಕಾಣ್ತೈತೆ," ಅಂದಳು ಆದಿ, ಕೈ ಬಿಡದೆ.